ತಿರುಗಿ ಬಡಿದ ಗಂಟೆ

ಚಾಂಪಿಯನ್ ರೀಫ್ಸ್
ಶುಕ್ರವಾರ, 16 ಜುಲೈ 1999

ಪ್ರೀತಿಯ ಆಂಜನಪ್ಪ,

ಹಟ್ಟಿ ಗಣಿಯಲ್ಲಿ ನಿನ್ನ ಕೆಲಸ, ಊಟ, ನಿದ್ದೆ ಎಲ್ಲ ನೆಟ್ಟಗಿದೆ ಎಂದುಕೊಂಡಿದ್ದೇನೆ. ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತದೆ ಎಂದು ಬರೆದಿದ್ದೆ, ನಿಂತಿತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಹಾಕದೆ ಕೂತಿದ್ದೆ, ಬೈಯಬೇಡ. ಸಮಿತಿಯ ಓಡಾಟ, ಬಂಗಾರಪೇಟೆಗೆ ಹೋಗಿಬರುವ ರೈಲು, ನಿನ್ನ ಅಪ್ಪನ ಕೆಮ್ಮು, ಇಷ್ಟರಲ್ಲೇ ದಿನ ಮುಗಿದುಹೋಗುತ್ತದೆ. ಇವತ್ತು ಬರೆಯುತ್ತಿರುವುದು ಬಿಡುವಾಯಿತೆಂದಲ್ಲ. ಭಯವಾಗಿದೆ. ಲಾಠಿಗೆ ಎದೆ ಕೊಟ್ಟವಳು, ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದವಳು, ನಿನ್ನೆ ಒಂದು ಗುಂಡಿ ಒತ್ತಿ ಇವತ್ತಿನವರೆಗೂ ನಡುಗುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ದೂಳುಕಾಯಿಲೆ ಹೋರಾಟ ಸಮಿತಿಯವರು ನಿನ್ನ ಅಪ್ಪನಿಂದ ಹಿಡಿದು ಇಲ್ಲಿನ ಚಿನ್ನದ ಗಣಿಯ ಹಳಬರ ಮಾತನ್ನೆಲ್ಲ ಟೇಪಿಗೆ ಹಿಡಿಯುತ್ತಿರುವುದು ನಿನಗೆ ಗೊತ್ತು. ಬರುವ ಬುಧವಾರ ಬೆಂಗಳೂರಿನಿಂದ ಡಾಕ್ಟರುಗಳು, ವಕೀಲರು ಅಹವಾಲು ಕೇಳಲು ಬರುತ್ತಾರೆ. ಕಲ್ಲಿನ ದೂಳು ತಿಂದ ಎದೆಗೆ ಬೀಡಿಯೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವವರ ಬಾಯಿ ಮುಚ್ಚಿಸಲು ನಮ್ಮ ಬಳಿ ಇರುವುದು ಆ ಉಬ್ಬಸದ ದನಿಗಳು ಮಾತ್ರ. ಕೆಲವರಂತೂ ಮಾತಾಡಿ ಹೋದ ಮೇಲೆ ಸತ್ತೇ ಹೋಗಿದ್ದಾರೆ. ಕ್ಯಾಸೆಟ್‌ಗಳು ಕಡಿಮೆ ಇದ್ದುದರಿಂದ ಒಬ್ಬರ ದನಿಯನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಅದೇ ಕ್ಯಾಸೆಟ್ಟಿನಲ್ಲಿ ಮತ್ತೊಬ್ಬರದನ್ನು ಹಿಡಿಯುತ್ತಿದ್ದೆವು. ಹಾಗಾಗಿ ಎಲ್ಲರೂ ಇರುವುದು ಒಂದೇ ಜಾಗದಲ್ಲಿ: ನಾನು ಟೈಪಿಂಗ್ ಕಲಿಸುವ ಬಂಗಾರಪೇಟೆಯ ಕೋದಂಡಪ್ಪನವರ ಸೆಂಟರಿನಲ್ಲಿ, ಕಂಪ್ಯೂಟರಿನ ಪಕ್ಕ ವೈರು ಹಾಕಿಸಿಕೊಂಡು ಕೂತಿರುವ ಇಟ್ಟಿಗೆ ಗಾತ್ರದ ಪೆಟ್ಟಿಗೆಯೊಳಗೆ. ಹೊರಗಿನ ಡಿಸ್ಕ್ ಅನ್ನುತ್ತಾರೆ ಅದನ್ನು.

ಕೋದಂಡಪ್ಪನವರ ಕಂಪ್ಯೂಟರಿಗೆ ವೈರಸ್ ಹತ್ತಿದೆ. ದನಿ ಹಾಕಿದರೆ ನಡುವೆ ನಿಂತು ಪರದೆ ನೀಲಿಯಾಗುತ್ತದೆ. ಅಹವಾಲಿನ ದಿನ ಹೀಗಾದರೆ ಮಾನ ಹೋಯಿತು. ಅದಕ್ಕೆ ಕಾಂತಮ್ಮ ಒಂದು ದಾರಿ ಹೇಳಿದಳು. ಕಾಂತಮ್ಮ ನಿನಗೆ ಹೊಸಬಳು. ಗದಗದ ಕಡೆಯವಳು, ಇಲ್ಲಿ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ, ಕ್ವಾರ್ಟರ್ಸಿನಲ್ಲಿ ಮನೆ. ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಂ ಇರುತ್ತದಲ್ಲ, ಆಪರೇಟಿಂಗ್ ಸಿಸ್ಟಮ್, ಅಂಥದ್ದೇ ಇನ್ನೊಂದರ ಸಿ.ಡಿ. ತಂದಳು. ಲಿನಕ್ಸ್ ಅಂತ ಹೆಸರು. ‘ಇದಕ್ಕ ಯಜಮಾನ ಇಲ್ಲರೀ ಅಕ್ಕಾರ, ಯಾರು ಬೇಕಾದ್ರೂ ಹಾಕ್ಕೋಬಹುದು, ಯಾರಿಗೂ ರೊಕ್ಕ ಕೊಡಬೇಕಾಗಿಲ್ಲ’ ಅಂದಳು. ಯಜಮಾನ ಇಲ್ಲ ಅಂದ ಮೇಲೆ ಸಮಿತಿಯವರನ್ನು ಕೇಳಬೇಕೇ! ಚಪ್ಪಾಳೆ ತಟ್ಟಿದರು.

ಉಪಾಯ ಸರಳವಾಗಿತ್ತು. ಪೆಟ್ಟಿಗೆಯ ಡಿಸ್ಕಿಗೆ ನಡುಗೋಡೆ ಹಾಕಿ ಎರಡು ಭಾಗ ಮಾಡುವುದು. ಈ ಕಡೆ ನಮ್ಮವರ ದನಿ, ಆ ಕಡೆ ಹೊಸ ಸಿಸ್ಟಮ್. ಕೋದಂಡಪ್ಪನವರ ಯಂತ್ರದ ಒಳಗಿನದನ್ನು ಮುಟ್ಟುವಂತೆಯೇ ಇಲ್ಲ. ಕಾಂತಮ್ಮ ಹೋದ ಭಾನುವಾರ ಬಂದು ದನಿಗಳನ್ನೆಲ್ಲ ಒಂದು ತುದಿಗೆ ಒತ್ತಿಟ್ಟು ಹೋದಳು. ‘ಗೋಡೆ ಹಾಕೋ ಕೆಲಸ ಬರೋ ಭಾನುವಾರ ನಾನ ಬಂದು ಮಾಡ್ತೀನಿ. ಅಲ್ಲಿ ತನಕ ಮುಟ್ಟಬ್ಯಾಡ್ರಿ’ ಅಂದಿದ್ದಳು.

ನಾನು ಮುಟ್ಟಿದೆ. ಭಾನುವಾರ ಕೆಟ್ಟರೆ ಸರಿಮಾಡಲು ದಿನವೆಲ್ಲಿ ಎಂಬ ಆತುರ. ನಿನ್ನೆ ಮಧ್ಯಾಹ್ನ, ಹುಡುಗಿಯರ ಬ್ಯಾಚು ಮುಗಿದ ಮೇಲೆ ಸಿ.ಡಿ. ಹಾಕಿ ಕೂತೆ.

ಮಾವನೂ ಅಲ್ಲೇ ಇದ್ದರು. ಆಸ್ಪತ್ರೆಗೆ ತೋರಿಸಲು ಬಂಗಾರಪೇಟೆಗೆ ಕರೆದುಕೊಂಡು ಹೋಗಿದ್ದೆ. ‘ಆದೆಮ್ಮ, ನನ್ ಗಂಟ್ಲು ಎಲ್ಲಿ ಇಕ್ಕಿದೀಯಾ, ಒಂದ್ಕಿತ ತೋರ್ಸು’ ಅಂತ ಹಟ ಹಿಡಿದು ಸೆಂಟರಿಗೆ ಬಂದರು. ಪೆಟ್ಟಿಗೆ ತೋರಿಸಿದರೆ ಕೈಯಿಟ್ಟು ನೋಡಿ, ‘ಬಿಸಿ ಐತಲ್ಲಮ್ಮಾ. ಒಳಗವ್ರೆ, ಅದಕ್ಕೇ’ ಅಂದರು. ಕೋದಂಡಪ್ಪನವರು ನಕ್ಕರು. ನಾನೂ ನಕ್ಕೆ.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು: ಈ ಡಿಸ್ಕಿನ ಭಾಗಗಳನ್ನು ತೆಗೆದು ಹೊಸದು ಮಾಡುತ್ತೇನೆ, ಖಚಿತವೇ? ನನಗೆ ಓದಲು ಬಾರದೆಂದಲ್ಲ. ಖಾಲಿ ಭಾಗದ ಮಾತು ಇರಬೇಕು ಅಂದುಕೊಂಡೆ, ಆದರೂ ಬೆರಳು ಮುಂದೆ ಹೋಗಲಿಲ್ಲ.

‘ಅದು ಕೇಳ್ತಾನೇ ಇರ್ತದೆ ಮೇಡಂ, ಎಲ್ಲದಕ್ಕೂ ಕೇಳ್ತದೆ’ ಅಂದರು ಕೋದಂಡಪ್ಪ.

‘ಏನಂತೆ?’ ಅಂದರು ಮಾವ.

‘ನಾನು ಮಾಡು ಅಂದಿದ್ದನ್ನೇ ತಿರುಗಿ ನನ್ನನ್ನೇ ಕೇಳ್ತಾ ಇದೆ ಮಾವ.’

ಮಾವನ ಮುಖ ಅರಳಿತು. ‘ತಿರುಗಿ ಬಡೀತೈತೆ! ಅಂಗಾದ್ರೆ ಆ ಕಡೆಯೋನಿಗೆ ಕೇಳ್ಸೈತೆ, ನೋಡ್ಕೊಂಡವ್ನೆ. ಬುಡು ಕೇಜು, ಓಗ್ಲಿ.’

ಆಂಜನಪ್ಪ, ಬೆಲ್‌ಮನ್ ಮುನಿಸ್ವಾಮಪ್ಪನ ಮಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿಗೆ ಇಳಿಯುವ ಶಾಫ್ಟಿನಲ್ಲಿ ಗಂಟೆ ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಇಳಿಸು, ಮೂರು ಬಡಿದರೆ ಮನುಷ್ಯರಿದ್ದಾರೆ. ಈ ಕಡೆ ಬಡಿದಷ್ಟನ್ನೇ ಆ ಕಡೆಯವನು ತಿರುಗಿ ಬಡಿಯುವವರೆಗೆ ಜನರನ್ನು ಇಳಿಸಿ ಏರಿಸುವ ಕೇಜು ಅಲ್ಲಾಡಕೂಡದು. ತಿರುಗಿ ಬಂದ ಗಂಟೆ ಅಂದರೆ ಇನ್ನೊಬ್ಬ ಮನುಷ್ಯ ಕೇಳಿದ್ದಾನೆ, ನೋಡಿದ್ದಾನೆ, ಜವಾಬ್ದಾರಿ ಹೊತ್ತಿದ್ದಾನೆ ಅಂತ. ಮದುವೆಯಾಗಿ ಬಂದ ದಿನದಿಂದ ಈ ಮನೆಯಲ್ಲಿ ನಾನು ಕೇಳಿದ್ದು ಇದೇ. ಊಟಕ್ಕೆ ಕರೆದರೂ ‘ಹೂಂ’ ಎಂದು ತಿರುಗಿ ಹೇಳದಿದ್ದರೆ ಮಾವನಿಗೆ ಸಿಟ್ಟು. ಅದೇ ನಂಬಿಕೆ ನನ್ನ ಬೆರಳಿಗೂ ಇಳಿದಿತ್ತು. ಒತ್ತಿದೆ.

ಒತ್ತಿದ ಮೇಲೆ ಪರದೆಯಲ್ಲಿ ಒಂದು ಪಟ್ಟಿ ಉದ್ದವಾಗುತ್ತಾ ಹೋಯಿತು. ಎರಡು ಭಾಗ ಕಾಣಬೇಕಾದ ಕಡೆ ಒಂದೇ ಭಾಗ ಕಂಡಿತು. ಡಿಸ್ಕಿನಷ್ಟೂ ಹೊಸದು.

‘ಮಾವ, ಎಲ್ಲಾ ಹೋಗ್ತಾ ಇದೆ!’

‘ಒಂದು ಒಡಿ! ಒಂದು ಒಡಿಯಮ್ಮಾ, ನಿಲ್ಸು!’ ಅಂತ ಏದುಸಿರಿನಲ್ಲೇ ಅಂದರು. ನಿಲ್ಲಿಸುವ ಗಂಟೆ ಆ ಯಂತ್ರಕ್ಕೆ ಎಲ್ಲಿದೆ? ನಾನು ಗೋಡೆಯಿಂದ ಪ್ಲಗ್ಗನ್ನೇ ಕಿತ್ತೆ. ಫ್ಯಾನು ನಿಂತ ಹಾಗೆ ಪೆಟ್ಟಿಗೆ ಒಂದು ಸಣ್ಣ ಸದ್ದು ಮಾಡಿ ನಿಂತಿತು.

ಈಗ ನನಗೆ ಅರ್ಥವಾಗಿದೆ. ಆ ಪ್ರಶ್ನೆ ನಮ್ಮನ್ನು ಕಾಯಲು ಕೇಳಿದ್ದಲ್ಲ. ನಾಳೆ ಏನಾದರೂ ಆದರೆ ‘ಕೇಳಿದ್ದೆನಲ್ಲ, ನೀನೇ ಹೂಂ ಅಂದೆ’ ಎಂದು ಹೇಳಲು ಕೇಳಿದ್ದು. ಎಲ್ಲಾ ಗೊತ್ತಿದೆ, ಒಪ್ಪಿಗೆಯಿದೆ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ಅಪಾಯದ ಕೆಲಸಕ್ಕೆ ಕೂಲಿಯವನನ್ನು ತಳ್ಳುವ ಕಂತ್ರಾಟುದಾರನ ಬುದ್ಧಿಯೇ ಅದು. ಯಜಮಾನನಿಲ್ಲದ ಸಿಸ್ಟಮ್ಮಿಗೂ ಯಜಮಾನರ ಈ ಚಾಳಿ ಎಲ್ಲಿಂದ ಅಂಟಿತೋ! ಇಷ್ಟು ಸಿಟ್ಟು ಬಂದರೂ ಭಯ ಹೋಗುತ್ತಿಲ್ಲ. ಸಿಟ್ಟಿನಿಂದ ಭಯವನ್ನು ಓಡಿಸಿ ಅಭ್ಯಾಸ ನನಗೆ. ಈ ಸಲ ಆಗುತ್ತಿಲ್ಲ.

ಇವತ್ತು ಬೆಳಗ್ಗೆ ಮಾವನನ್ನೂ ಕರೆದುಕೊಂಡು ಕಾಂತಮ್ಮನ ಕ್ವಾರ್ಟರ್ಸಿಗೆ ಹೋದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಿಳಿಚಿಕೊಂಡಳು. ‘ಪ್ಲಗ್ ಕಿತ್ತಿದ್ದು ಚಲೋ ಆತು. ಇನ್ನ ಮುಟ್ಟಬ್ಯಾಡ್ರಿ ಅಂದ್ರ ಮುಟ್ಟಬ್ಯಾಡ್ರಿ. ಹೋಗಿದ್ದು ದಾರಿ ಅಷ್ಟ ಇರಬಹುದು. ನಿಮ್ಮ ಭಾಷಾದಾಗ ಹೇಳ್ಬೇಕಂದ್ರ ಶಾಫ್ಟಿನ ಬಾಯಿ ಮುಚ್ಚೇತಿ, ಕೆಳಗ ದನಿಗಳು ಹಂಗ ಇರಬಹುದು. ಭಾನುವಾರ ನೋಡೋಣ’ ಅಂದಳು.

ಮಾವ ಕುರ್ಚಿಯಿಂದ ಎದ್ದುಬಿಟ್ಟರು. ‘ಕೆಳಗಿನ್ನೂ ಅವ್ರಾ? ಬಾಯಿ ಮುಚ್ಕಂಡೈತೆ, ಕೆಳಗೆ ಅವ್ರಾ?’

‘ಇರಬಹುದು ಅಜ್ಜಾರ.’

‘ಇರಬೌದು ಅಂತ ಏಳಬ್ಯಾಡ. ಅವ್ರಾ ಇಲ್ವಾ?’

ಅಷ್ಟು ಜೋರಾಗಿ ಅವರು ಮಾತಾಡಿ ವರ್ಷಗಳಾಗಿದ್ದವು. ಆಮೇಲೆ ಕೆಮ್ಮು ಹಿಡಿದು ಬಾಗಿಲು ಹಿಡಿದುಕೊಂಡು ನಿಂತರು. ಮನೆಗೆ ಬಂದ ಮೇಲೆ ಮುದ್ದೆ ಮುಟ್ಟಿಲ್ಲ. ಏನನ್ನೋ ಕಿವಿಗೊಟ್ಟು ಕೇಳುತ್ತಾ ಕೂತಿದ್ದಾರೆ. ನನಗೆ ಅವರ ಕಡೆ ನೋಡಲು ಭಯ.

ಇನ್ನು ಪಾಪಕ್ಕ. ಪಕ್ಕದ ಲೈನು ಮನೆಗಳ ಪಾಪಕ್ಕನ ಗಂಡ ಮಾತು ಹಿಡಿಸಿಕೊಟ್ಟ ತಿಂಗಳಲ್ಲೇ ತೀರಿಕೊಂಡಿದ್ದ. ಅವಳು ವಾರಕ್ಕೊಮ್ಮೆ ಸೆಂಟರಿಗೆ ಬಂದು ಆ ದನಿ ಹಾಕಿಸಿಕೊಂಡು ಕೇಳುತ್ತಾಳೆ. ‘ಬದ್ಕಿದ್ದಾಗ ಬೈದ್ರೆ ಕಿವಿ ಮುಚ್ಕೋತಿದ್ದೆ. ಈಗ ರೈಲತ್ತಿ ಬಂದು ಬೈಸ್ಕೋತೀನಿ ನೋಡು’ ಅಂತ ತನಗೆ ತಾನೇ ನಗುತ್ತಾಳೆ. ಇವತ್ತು ಸಂಜೆ ನಲ್ಲಿಯ ಹತ್ತಿರ ಸಿಕ್ಕಿ, ‘ಏನೇ ಆದೆಮ್ಮ, ನನ್ ಗಂಡನ್ನ ಪೆಟ್ಟಿಗೇಲಿ ಕೂಡಾಕಿ ಬೀಗ ಜಡಿದ್ಯಂತೆ?’ ಅಂದಳು. ತಮಾಷೆಗೇ ಅಂದಳು. ಭಾನುವಾರ ಆ ಬೀಗ ತೆಗೆಯದಿದ್ದರೆ ಅವಳಿಗೆ ಎರಡನೇ ಸಲ ಗಂಡ ಸತ್ತ ಹಾಗೆ. ಕೊಂದವಳು ನಾನು. ನನ್ನ ಬಿಂದಿಗೆ ತುಂಬಿ ಹರಿಯುತ್ತಿದ್ದರೂ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಶಿಫ್ಟಿಗೆ ಇಳಿಯುವಾಗ ಹುಷಾರು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳದೆ ಡ್ರಿಲ್ಲಿನ ಹತ್ತಿರ ನಿಲ್ಲಬೇಡ.

ನಿನ್ನ,
ಆದಿಲಕ್ಷ್ಮಿ

ಮತ್ತೆ: ಮಾವ ಈಗ ಬಾಗಿಲ ಹತ್ತಿರ ಬಂದು ‘ಯಾರಿಗೆ ಬರೀತಿದೀಯಾ?’ ಅಂದರು. ನಿನಗೆ ಅಂದೆ. ಒಳಗೆ ಬಂದು ಕಾಗದದ ತುದಿಯನ್ನು ಒಮ್ಮೆ ಬೆರಳಿನಿಂದ ಸವರಿ ಹೋದರು.


ಚಾಂಪಿಯನ್ ರೀಫ್ಸ್
ಗುರುವಾರ, 22 ಜುಲೈ 1999

ಪ್ರೀತಿಯ ಆಂಜನಪ್ಪ,

ಹಿಂದಿನ ಕಾಗದ ಇನ್ನೂ ನಿನ್ನ ಕೈಸೇರಿದೆಯೋ ಇಲ್ಲವೋ. ಅದನ್ನು ಓದಿ ನೀನು ಕಂಗಾಲಾಗಿದ್ದರೆ ಮೊದಲೇ ಹೇಳಿಬಿಡುತ್ತೇನೆ: ದನಿಗಳು ಬಂದವು. ಎಲ್ಲವೂ ಅಲ್ಲ.

ಭಾನುವಾರ ಕಾಂತಮ್ಮ ತನ್ನ ಗುರುತಿನ ಯಾರಿಂದಲೋ ಫ್ಲಾಪಿ ತಂದಿದ್ದಳು. ಅಳಿಸಿಹೋದ ದಾರಿಯನ್ನು ಹುಡುಕುವ ಪ್ರೋಗ್ರಾಂ ಅದರಲ್ಲಿ. ಮಾವ ಬರಬೇಡಿ ಅಂದರೂ ಬಂದರು. ಪಾಪಕ್ಕನಿಗೆ ನಾನೇ ನಿಜ ಹೇಳಿ ಕರೆದುಕೊಂಡು ಹೋಗಿದ್ದೆ. ಮುಖಕ್ಕೆ ಉಗಿಯುತ್ತಾಳೆ ಅಂದುಕೊಂಡಿದ್ದೆ. ಉಗಿಯಲಿಲ್ಲ, ರೈಲಿನಲ್ಲಿ ನನ್ನ ಪಕ್ಕ ಕೂರಲೂ ಇಲ್ಲ.

ಪೆಟ್ಟಿಗೆ ಗುರ್ ಎಂದು ತಿರುಗಲು ಶುರುವಾಯಿತು. ಏನೂ ಇಲ್ಲ, ಏನೂ ಇಲ್ಲ ಎಂದೇ ಪರದೆ ಹೇಳುತ್ತಿತ್ತು. ಕರೆಂಟು ಹೋದರೆ ಗತಿಯೇನು ಎಂದು ಕೋದಂಡಪ್ಪನವರು ಬಲ್ಬನ್ನೇ ನೋಡುತ್ತಾ ಕೂತಿದ್ದರು. ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ರಾತ್ರಿ ಕಳೆದಾಗಲೂ ನನಗೆ ಇಷ್ಟು ಭಯವಾಗಿರಲಿಲ್ಲ. ಅಲ್ಲಿ ನಾವು ಸರಿಯಿದ್ದೆವು, ಎದುರಿನವರು ತಪ್ಪಿದ್ದರು. ಇಲ್ಲಿ ಎದುರಿಗೆ ಯಾರಿದ್ದಾರೆ ಬೈಯಲು?

ಕೊನೆಗೆ ಒಂದು ಹೆಸರು ಬಂತು. ಆಮೇಲೆ ಇನ್ನೊಂದು. ಕಾಂತಮ್ಮ ಕಿರುಚಿ ನನ್ನ ಕೈ ಹಿಡಿದುಕೊಂಡಳು. ಒಂದನ್ನು ಹಾಕಿದರೆ ಪಾಪಕ್ಕನ ಗಂಡನ ಕೆಮ್ಮು! ಕೆಮ್ಮಿ ಕೆಮ್ಮಿ ‘ಈ ಮುಂಡೇದು ಕಾಫಿಗೆ ಸಕ್ರೆ ಆಕೋದೇ ಇಲ್ಲ, ಅದ್ನೂ ಬರ್ಕಳಿ’ ಅಂದ. ಪಾಪಕ್ಕ ಸೆರಗು ಬಾಯಿಗಿಟ್ಟುಕೊಂಡು, ‘ಸಕ್ರೆ ಕಾಯ್ಲೆ ಮಡಿಕ್ಕಂಡು ಮಾತ್ ನೋಡು ಇವುಂದು’ ಅಂದಳು. ಎಲ್ಲರೂ ನಗುತ್ತಾ ಅತ್ತೆವು.

ಒಬ್ಬೊಬ್ಬರ ಹೆಸರು ಬಂದಾಗಲೂ ಮಾವ ಬಾಗಿಲ ಬಳಿಯಿಂದ ಕೇಳುತ್ತಿದ್ದರು: ‘ಮೇಲ್ ಬಂದ್ರಾ?’ ನಾನು ‘ಬಂದ್ರು ಮಾವ’ ಅನ್ನಬೇಕು. ಆಮೇಲೇ ಅವರು ಉಸಿರು ಬಿಡುತ್ತಿದ್ದರು.

ಮಾವನದು ಮಾತ್ರ ಬರಲಿಲ್ಲ.

ಮೊದಲು ಹಿಡಿದ ದನಿ ಅವರದು, ಡಿಸ್ಕಿನ ಮೊದಲ ತುದಿಯಲ್ಲೇ ಇತ್ತು. ನಾನು ಪ್ಲಗ್ ಕೀಳುವಷ್ಟರಲ್ಲಿ ಹೊಸ ಸಿಸ್ಟಮ್ ಬರೆಯಲು ಶುರುಮಾಡಿದ್ದು ಆ ತುದಿಯಿಂದಲೇ. ಕಾಂತಮ್ಮ ಮತ್ತೆ ಮತ್ತೆ ಹುಡುಕಿದಳು. ‘ಅಜ್ಜಾರದ ಮ್ಯಾಲೆ ಬ್ಯಾರೇದು ಕುಂತುಬಿಟ್ಟೇತಿ ಅಕ್ಕಾರ. ತಗಿಯಾಕ ಬರಂಗಿಲ್ಲ’ ಅಂದಳು. ಹೇಗೆ ಹೇಳಲಿ ಎಂದು ನಾನು ತಿರುಗಿದರೆ ಮಾವನೇ ಅಂದರು: ‘ಉಳಿದೋರೆಲ್ಲ ಬಂದ್ರಲ್ಲಾ. ಸಾಕು ಬುಡು. ಬೆಲ್‌ಮನ್ನು ಕಡೇಲಿ ತಾನೆ ಮನೆಗೋಗೋದು.’

ನಿನ್ನೆ ಅಹವಾಲು ಮುಗಿಯಿತು. ಜನ ತುಂಬಿದ್ದರು. ಕಾಂತಮ್ಮ ಮತ್ತೆ ಸರಿಯಾಗಿ ಹಾಕಿಕೊಟ್ಟ ಯಜಮಾನನಿಲ್ಲದ ಸಿಸ್ಟಮ್ಮು ಒಂದು ಸಲವೂ ನಿಲ್ಲದೆ ಎಲ್ಲರನ್ನೂ ಮಾತಾಡಿಸಿತು. ಸತ್ತವರ ಉಬ್ಬಸ ಸಭೆಯ ತುಂಬಾ ತುಂಬಿಕೊಂಡಿತು. ಬೀಡಿಯ ಮಾತು ತೆಗೆದ ಒಬ್ಬ ಡಾಕ್ಟರ ಮುಂದೆ ಪಾಪಕ್ಕ ಎದ್ದು ನಿಂತು, ‘ನಮ್ಮೋನು ಬೀಡಿ ಸೇದ್ತಿರ್ಲಿಲ್ಲ ಸ್ವಾಮಿ, ಕಲ್ಲು ಸೇದ್ತಿದ್ದ’ ಅಂದಳು. ಅವರು ತಲೆ ತಗ್ಗಿಸಿ ಬರೆದುಕೊಂಡರು. ಏನಾಗುತ್ತದೋ ಗೊತ್ತಿಲ್ಲ. ಸುಮ್ಮನಂತೂ ಕೂರುವುದಿಲ್ಲ.

ಮಾವನನ್ನು ವೇದಿಕೆಗೆ ಕರೆದರು. ಡಾಕ್ಟರೇ ಮೈಕು ಹಿಡಿದು ಬಂದು ಮತ್ತೊಮ್ಮೆ ಹೇಳಿ ಎಂದು ಕೇಳಿಕೊಂಡರು. ಮಾವ ಮೈಕನ್ನು ಕೈಯಿಂದ ಆಚೆ ಸರಿಸಿದರು. ಮನೆಗೆ ಬಂದ ಮೇಲೆ ನಾನು ಕೋಪದಲ್ಲೇ ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

‘ಅದುನ್ನ ಪೆಟ್ಟಿಗೇಗೆ ಏಳಿದ್ದೇ ತಪ್ಪು ಕಣಮ್ಮಾ. ಆಂಜಿಗೆ ಏಳ್ಬೇಕಿತ್ತು.’

‘ನಾನು ಬರೀತೀನಿ ಮಾವ.’

ಅವರು ಕೇಳಿದರು: ‘ಬರುದ್ರೆ ಬತ್ತಾನಾ?’

‘ಬರ್ತಾನೆ.’

‘ಅಂಗಾದ್ರೆ ಬರಿ.’

ಅದಕ್ಕೇ ಬರೆಯುತ್ತಿದ್ದೇನೆ, ಆದರೆ ಮೇಲಿನಷ್ಟೂ ಬರೆಯುತ್ತಾ ಇದನ್ನು ಮುಂದೆ ಮುಂದೆ ತಳ್ಳುತ್ತಾ ಬಂದಿದ್ದೇನೆ. ನಿನ್ನ ದೇಹ ಗಟ್ಟಿಯಾಗಿರಲಿ. ನಿನ್ನ ಜೊತೆ ಇಳಿಯುವವರೆಲ್ಲ ನಿನ್ನ ಜೊತೆಯೇ ಮೇಲೆ ಬರಲಿ. ನನ್ನ ಹಾರೈಕೆ ಇಷ್ಟೇ.

ನಿನ್ನ,
ಆದಿಲಕ್ಷ್ಮಿ

ಮತ್ತೆ: ಸೀನಣ್ಣನ ವಿಷಯ. ನಿನ್ನ ಅಣ್ಣ ಕೆಳಗೆ ಬಂಡೆ ಸಿಡಿದ ಕ್ಷಣಕ್ಕೇ ಹೋದ, ನೋವೇ ತಿಳಿಯಲಿಲ್ಲ ಎಂದು ಮಾವ ಮನೆಗೆಲ್ಲ ಹೇಳಿದ್ದರು. ಅತ್ತೆ ಅದನ್ನು ನಂಬಿಯೇ ಕಣ್ಣು ಮುಚ್ಚಿದರು. ಗಣಿಗೆ ಇಳಿಯಬೇಡ ಎಂದು ಮಾವ ಕೈಮುಗಿದ ದಿನ ನೀನೂ ಅದನ್ನೇ ಹಿಡಿದುಕೊಂಡು, ‘ಅಣ್ಣ ಒಂದು ಕ್ಷಣದಲ್ಲಿ ಹೋದ, ಅಂಥ ಸಾವು ಬಂದರೆ ಬರಲಿ’ ಎಂದು ಅವರ ಮುಖಕ್ಕೇ ಹೇಳಿ ಹಟ್ಟಿಗೆ ಹೊರಟುಹೋದೆ.

ಅದು ಸುಳ್ಳು. ಮಾವ ಟೇಪಿಗೆ ಹೇಳಿದ್ದು ಇದು, ಕೇಳಿದವಳು ನಾನೊಬ್ಬಳೇ. ಬಂಡೆ ಸಿಡಿದ ಮೇಲೆ ಕೆಳಗಿನಿಂದ ಗಂಟೆ ಬಂತಂತೆ. ಮೂರು. ಮನುಷ್ಯರಿದ್ದಾರೆ ಅಂತ. ಆ ಮಟ್ಟದಲ್ಲಿ ಗಂಟೆಯ ಹಗ್ಗ ಸೀನಣ್ಣನ ಕೈಯಲ್ಲಿ ಇರುತ್ತಿತ್ತು. ಮಾವ ಮೂರನ್ನೂ ತಿರುಗಿ ಬಡಿದರು, ಕೇಳಿಸಿದೆ, ಬರುತ್ತಿದ್ದೇವೆ ಅಂತ. ಕೇಜು ಇಳಿಸಿದರೆ ಶಾಫ್ಟು ಬಾಗಿಹೋಗಿ ಅದು ನಡುವೆಯೇ ಸಿಕ್ಕಿಕೊಂಡಿತು. ಕೆಳಗಿನಿಂದ ಮತ್ತೆ ಮೂರು ಬಂತು. ಮಾವ ಮತ್ತೆ ತಿರುಗಿ ಬಡಿದರು. ಗಂಟೆ ನಿಲ್ಲುವವರೆಗೂ ಬಡಿಯುತ್ತಲೇ ಇದ್ದರಂತೆ. ‘ನನ್ನ ಗಂಟೆ ನಂಬ್ಕಂಡು ಕಾದ ನನ್ ಮಗ’ ಎಂದು ಹೇಳಿ ಟೇಪು ನಿಲ್ಲಿಸು ಅಂದಿದ್ದರು.

ಇದೆಲ್ಲ ಅಳಿಸಿಹೋಯಿತು ಎಂದು ಭಾನುವಾರ ಕಾಂತಮ್ಮ ಹೇಳಿದಾಗ ನನಗೆ ಒಂದು ಕ್ಷಣ ಹಗುರವಾಯಿತು, ನಿನಗೆ ಎಂದೂ ಹೇಳಬೇಕಿಲ್ಲವಲ್ಲ ಎಂದು. ಆ ಹಗುರಕ್ಕೂ ನನಗೆ ಈಗ ಭಯ. ಮಾವನಿಗೆ ನಾಲ್ಕು ಮಾತಿಗೆ ಉಸಿರು ಸಾಲುತ್ತಿಲ್ಲ. ಬಾಗಿಲ ಹತ್ತಿರ ಕೂತು ರಸ್ತೆ ನೋಡುತ್ತಾರೆ.

ಈ ಕಾಗದಕ್ಕೆ ಉತ್ತರ ಬರೆಯಬೇಡ, ಆಂಜನಪ್ಪ. ಅವರಿಗೆ ತಿರುಗಿ ಬಡಿದ ಗಂಟೆ ಬೇಡ. ನೀನು ಬಾ.